ಬಂಕಾಪುರ ಸೀಮೆಯ ಜನನ-ಮರಣದ ಲೆಕ್ಕ: ಕುಲಕರ್ಣಿಯ ದಫ್ತರದಿಂದ ಗಣಕಯಂತ್ರದವರೆಗೆ

೧

ಬಂಕಾಪುರದ ಹೆಸರು ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯನಿಂದ ಈ ಊರಿಗೆ ಹೆಸರು ಬಂದಿತೆಂಬುದೂ, ಆತನ ಮಗ ಲೋಕಾದಿತ್ಯನ ಆಳಿಕೆಯಲ್ಲಿ ಕ್ರಿ. ಶ. ೮೯೮ರಲ್ಲಿ ಗುಣಭದ್ರನ ಉತ್ತರಪುರಾಣಕ್ಕೆ ಇಲ್ಲಿಯೇ ಪೂಜೆ ಸಂದಿತೆಂಬುದೂ ವಿದಿತವೇ ಇವೆ. ಶ್ರವಣಬೆಳಗೊಳದ ಶಾಸನವೊಂದು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಗಂಗದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ಮೂರು ದಿವಸಗಳ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಇದು ಹತ್ತನೆಯ ಶತಮಾನದ ಎಂಟನೆಯ ದಶಕದ ಮಾತು. ಸತ್ತವನ ಹೆಸರು, ಸತ್ತ ಸ್ಥಳ, ಸತ್ತ ರೀತಿ, ಸಮ್ಮುಖದಲ್ಲಿದ್ದವರು ಇವೆಲ್ಲವೂ ಆ ಒಂದು ದಾಖಲೆಯಲ್ಲಿ ಇವೆ.

ಆದರೆ ಅದು ಅರಸನ ಮರಣ. ಅದೇ ವರ್ಷ ಅದೇ ಊರಿನ ಕೇರಿಗಳಲ್ಲಿ ಎಷ್ಟು ಶಿಶುಗಳು ಹುಟ್ಟಿದುವು, ಎಷ್ಟು ಬಾಣಂತಿಯರು ತೀರಿಕೊಂಡರು, ಯಾವ ಬೇನೆಯಿಂದ ಎಷ್ಟು ಮಂದಿ ಅಳಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಸಾಮಾನ್ಯ ಜನರ ಹುಟ್ಟುಸಾವುಗಳನ್ನು ಬರೆಯಬೇಕಾದ ಸಂಗತಿಯೆಂದು ರಾಜ್ಯವು ಎಣಿಸಿದುದು ತೀರ ಈಚೆಗೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಲ್ಲಿಂದ ಇಂದಿನ ಗಣಕಯಂತ್ರದ ಕಾಲದವರೆಗೆ ಬಂಕಾಪುರ ಸೀಮೆಯ ಆರೋಗ್ಯದ ಲೆಕ್ಕವು ಹೇಗೆ ನಡೆದುಬಂದಿತೆಂಬುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸುವೆವು. ಬರಹದ ಸಾಧನವು ಬದಲಾದುದು ಎಲ್ಲರಿಗೂ ಕಾಣುವ ಮಾತು. ಅದಕ್ಕಿಂತ ಆಳವಾದ ಬದಲಾವಣೆಯೊಂದು ನಡೆದಿದೆಯೆಂದೂ, ಹಿಂದೆ ಊರಿನಲ್ಲಿಯೇ ಉಳಿಯುತ್ತಿದ್ದ ಹೆಸರು ಈಗ ಊರು ಬಿಟ್ಟು ಹೋಗುತ್ತಿದೆಯೆಂದೂ ನಾವು ತೋರಿಸಬೇಕೆಂದಿರುವೆವು.

೨

ಮೊದಲು ಸ್ಥಳದ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಇಂದು ಬಂಕಾಪುರವು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಒಂದು ಪಟ್ಟಣ. ಹಾವೇರಿ ಜಿಲ್ಲೆಯು ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯೊಳಗೆ ಬಂಕಾಪುರವೆಂಬ ಹೆಸರಿನ ತಾಲೂಕೇ ಇದ್ದು, ಅದರ ಕಚೇರಿಯು ಶಿಗ್ಗಾವಿಯಲ್ಲಿತ್ತು. ನೆರೆಯಲ್ಲಿ ಹಾನಗಲ್ಲ ತಾಲೂಕೂ, ಹಿರೇಕೆರೂರು ಮುಖ್ಯಸ್ಥಳವಾಗಿದ್ದ ಕೋಡ ತಾಲೂಕೂ ಇದ್ದುವು. ಸವಣೂರು ಮಾತ್ರ ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದು, ಬ್ರಿಟಿಷ್ ಜಿಲ್ಲೆಯ ಆಡಳಿತಕ್ಕೆ ಹೊರಗಿತ್ತು. ಒಂದೇ ಸಂತೆಗೆ ಬಂದು, ಪರಸ್ಪರ ಕೊಟ್ಟು ತಂದು ಬಾಳುತ್ತಿದ್ದ ಜನರು ಹೀಗೆ ಎರಡು ಸರಕಾರಗಳ ಲೆಕ್ಕಗಳಲ್ಲಿ ಹಂಚಿಹೋಗಿದ್ದರು. ಆರೋಗ್ಯದ ಅಂಕಿಗಳನ್ನು ಓದುವಾಗ ಈ ಗಡಿಯನ್ನು ಮರೆಯಲಾಗದು. ಬೇನೆಗೆ ಮಾತ್ರ ಅಂಥ ಗಡಿ ಇರಲಿಲ್ಲ.

ಭಾರತದ ಮೂರು ಇಲಾಖೆಗಳಲ್ಲಿಯೂ ೧೮೬೪ರಲ್ಲಿ ಆರೋಗ್ಯ ಆಯೋಗಗಳು ಏರ್ಪಟ್ಟುವು. ಸೈನಿಕರ ಆರೋಗ್ಯವೇ ಅವುಗಳ ಮೊದಲ ಚಿಂತೆಯಾಗಿದ್ದಿತು. ಆದರೆ ದಂಡಿನ ಬೀಡಿಗೆ ಬರುವ ವಾಂತಿಭೇದಿಯು ಸುತ್ತಲಿನ ಹಳ್ಳಿಗಳಿಂದಲೇ ಬರುವುದೆಂದು ತಿಳಿದ ಮೇಲೆ, ಹಳ್ಳಿಗಳ ಸಾವಿನ ಲೆಕ್ಕವೂ ಬೇಕಾಯಿತು. ಅದೇ ಕಾಲಕ್ಕೆ ಇಂಗ್ಲಂಡದಲ್ಲಿ ಈ ಶಾಸ್ತ್ರವು ಬೆಳೆದಿದ್ದಿತು. ಅಲ್ಲಿಯ ಜನನ-ಮರಣ ನೋಂದಣಿಯ ಕಚೇರಿಯಲ್ಲಿ ವಿಲಿಯಂ ಫಾರ್ ಎಂಬವನು ಸಾವಿನ ಕಾರಣಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸಿದ್ದನು. ಫ್ಲಾರೆನ್ಸ್ ನೈಟಿಂಗೇಲಳು ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ನಮೂನೆಯಲ್ಲಿ ಲೆಕ್ಕವಿಡಬೇಕೆಂದು ೧೮೬೦ರ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಸೂಚನೆಯನ್ನಿಟ್ಟಿದ್ದಳು. ಒಂದೇ ನಮೂನೆ ಇಲ್ಲದಿದ್ದರೆ ಎರಡು ಊರುಗಳ ಲೆಕ್ಕವನ್ನು ಹೋಲಿಸಲಾಗದೆಂಬ ಅವಳ ಮಾತು ಇಂದಿನ ಗಣಕಯಂತ್ರದ ಕೆಲಸಕ್ಕೂ ಬುನಾದಿಯಾಗಿದೆ.

ಇಂಗ್ಲಂಡದ ಈ ಶಾಸ್ತ್ರವು ಧಾರವಾಡ ಜಿಲ್ಲೆಯ ಹಳ್ಳಿಗೆ ಬಂದಾಗ ಅದನ್ನು ನಡೆಸಬೇಕಾದವರು ಗೌಡನೂ ಕುಲಕರ್ಣಿಯೂ. ಜಮೀನಿನ ಲೆಕ್ಕ, ಕಂದಾಯದ ಲೆಕ್ಕಗಳೊಂದಿಗೆ ಹುಟ್ಟುಸಾವಿನ ಲೆಕ್ಕವೂ ಹಳ್ಳಿಯ ದಫ್ತರಕ್ಕೆ ಸೇರಿತು. ಸತ್ತವರು ಯಾವ ಬೇನೆಯಿಂದ ಸತ್ತರೆಂಬುದನ್ನು ಕೆಲವೇ ಅಂಕಣಗಳಲ್ಲಿ ತೋರಿಸಬೇಕಾಗಿದ್ದಿತು: ವಾಂತಿಭೇದಿ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಗಾಯ, ಇತರ. ಬರೆಯುವವನು ವೈದ್ಯನಲ್ಲ, ಸತ್ತವನನ್ನು ಬಹುಶಃ ವೈದ್ಯನು ನೋಡಿಯೂ ಇರುತ್ತಿರಲಿಲ್ಲ. ಸಿಡುಬನ್ನೂ ವಾಂತಿಭೇದಿಯನ್ನೂ ಯಾರಾದರೂ ಗುರುತಿಸಬಲ್ಲರು. ಉಳಿದುದೆಲ್ಲ ಜ್ವರದ ಅಂಕಣಕ್ಕೆ ಹೋಯಿತು. ಮಲೆನಾಡಿನ ಸೆರಗಿನ ಚಳಿಜ್ವರ, ವಿಷಮಶೀತಜ್ವರ, ಪುಪ್ಪುಸದ ಉರಿಯೂತ, ಬಾಣಂತಿಯ ನಂಜು ಇವೆಲ್ಲ ಒಂದೇ ಮಾತಿನೊಳಗೆ ಅಡಗಿಹೋದುವು. ಆದುದರಿಂದ ಆ ಕಾಲದ ವರದಿಗಳಲ್ಲಿ ಜ್ವರದ ಸಾವು ಅಧಿಕವಾಗಿ ಕಾಣುವುದು ಬೇನೆಯ ಇತಿಹಾಸವೆಷ್ಟೋ ಬರವಣಿಗೆಯ ಇತಿಹಾಸವೂ ಅಷ್ಟೇ ಆಗಿದೆ.

ಈ ಲೆಕ್ಕದ ಮಹತ್ವವೇನೆಂಬುದನ್ನು ೧೮೭೬-೭೮ರ ಘೋರ ಕ್ಷಾಮವು ತೋರಿಸಿಕೊಟ್ಟಿತು. ೧೮೭೨ರ ಖಾನೇಸುಮಾರಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಸುಮಾರು ೯ ಲಕ್ಷ ೮೮ ಸಾವಿರ ಇದ್ದುದು, ೧೮೮೧ರಲ್ಲಿ ಸುಮಾರು ೮ ಲಕ್ಷ ೮೩ ಸಾವಿರಕ್ಕೆ ಇಳಿಯಿತು. ಒಂದು ಲಕ್ಷಕ್ಕೂ ಮೀರಿದ ಈ ಇಳಿತವನ್ನು ಖಾನೇಸುಮಾರಿಯು ಹೇಳಬಲ್ಲದು. ಅವರಲ್ಲಿ ಸತ್ತವರೆಷ್ಟು, ಊರು ಬಿಟ್ಟು ಹೋದವರೆಷ್ಟು, ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರೆಷ್ಟು ಎಂಬುದನ್ನು ಅದು ಹೇಳಲಾರದು. ಅದನ್ನು ಹೇಳಬಲ್ಲುದು ಹಳ್ಳಿಯ ಜನನ-ಮರಣದ ಪುಸ್ತಕವೊಂದೇ. ಆದರೆ ಜನರು ದಾರಿಯಲ್ಲಿಯೂ ಗಂಜಿಯ ಕೇಂದ್ರಗಳಲ್ಲಿಯೂ ಬಿದ್ದು ಸಾಯುವ ಕಾಲದಲ್ಲಿ, ಆ ಪುಸ್ತಕವನ್ನು ಬರೆಯುವ ಕೈಯೇ ಸೋಲುತ್ತದೆ. ಲೆಕ್ಕವು ಅತ್ಯಂತ ಅವಶ್ಯವಾದಾಗಲೇ ಅದು ಅತ್ಯಂತ ದುರ್ಬಲವಾಗುವುದೆಂಬ ನಿಯಮವನ್ನು ಇಲ್ಲಿ ನಾವು ಮೊದಲ ಸಲ ಕಾಣುತ್ತೇವೆ.

ಈ ವ್ಯವಸ್ಥೆಯ ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು. ಸತ್ತವನ ಹೆಸರು ಹಳ್ಳಿಯ ಪುಸ್ತಕದಲ್ಲಿದ್ದಿತು. ತಾಲೂಕು ಕಚೇರಿಯನ್ನು ತಲುಪುವ ವೇಳೆಗೆ ಅದು ಸಂಖ್ಯೆಯಾಗುತ್ತಿದ್ದಿತು, ಜಿಲ್ಲೆಯಲ್ಲಿ ಮೊತ್ತವಾಗುತ್ತಿದ್ದಿತು, ಇಲಾಖೆಯ ವಾರ್ಷಿಕ ವರದಿಯಲ್ಲಿ ಸಾವಿರಕ್ಕೆ ಇಷ್ಟೆಂಬ ಪ್ರಮಾಣವಾಗುತ್ತಿದ್ದಿತು. ಹೆಸರು ಊರಿನಲ್ಲಿಯೇ ಉಳಿಯುತ್ತಿತ್ತು, ಎಣಿಕೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಮೇಲಿನಿಂದ ಊರಿಗೆ ಮರಳಿ ಬರುತ್ತಿದ್ದುದು ಬಹು ಕಡಮೆ.

೩

ಹೆಸರನ್ನೇ ಹಿಡಿದು ಲೆಕ್ಕಮಾಡುವ ಪ್ರಯತ್ನವು ಈ ಸೀಮೆಯ ಹತ್ತಿರದಲ್ಲಿಯೇ ನಡೆಯಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಧಾರವಾಡ ಜಿಲ್ಲೆಗೂ ಬಂದಿತು. ವಾಲ್ಡೆಮಾರ್ ಹಾಫ್‌ಕಿನ್ನನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದನು. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲಾಯ್‌ಮನ್ನನ ಮೇಲ್ವಿಚಾರಣೆಯಲ್ಲಿ ಆ ಲಸಿಕೆಯನ್ನು ೩೫ ಸಾವಿರಕ್ಕೂ ಮೀರಿದ ಜನರಿಗೆ ಹಾಕಲಾಯಿತು. ಆಗಿನ ಹುಬ್ಬಳ್ಳಿಯ ಜನಸಂಖ್ಯೆಯೇ ಸುಮಾರು ೫೦ ಸಾವಿರವೆಂಬುದನ್ನು ನೆನೆದರೆ ಈ ಕಾರ್ಯದ ಗಾತ್ರವು ತಿಳಿದೀತು. ಲಸಿಕೆ ಹಾಕಿಸಿಕೊಂಡವರಿಗೆ ಚೀಟಿಯನ್ನು ಕೊಡಲಾಗುತ್ತಿದ್ದಿತು. ಚೀಟಿಯಿದ್ದವರಿಗೆ ಬೇರ್ಪಡಿಸುವ ಶಿಬಿರದ ಕಷ್ಟದಿಂದ ವಿನಾಯಿತಿ ದೊರೆಯುತ್ತಿದ್ದಿತು. ವಾರವಾರಕ್ಕೂ ಲಸಿಕೆ ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು ಎಂಬುದನ್ನು ಎದುರುಬದುರಾಗಿ ಬರೆಯಲಾಯಿತು.

ಹುಬ್ಬಳ್ಳಿಯ ಅಂಕಿಗಳು ಜಗತ್ತಿನ ವೈದ್ಯಶಾಸ್ತ್ರದ ಚರ್ಚೆಗೆ ವಸ್ತುವಾದುವು. ಸರಕಾರವು ನೇಮಿಸಿದ ಪ್ಲೇಗು ಆಯೋಗವು ಇವನ್ನು ಪರೀಕ್ಷಿಸಿ, ಲಸಿಕೆಯಿಂದ ಬೇನೆಯೂ ಸಾವೂ ಗಮನಾರ್ಹವಾಗಿ ಕಡಮೆಯಾಗುವುವೆಂದು ಒಪ್ಪಿಕೊಂಡಿತು. ಆದರೆ ಲೆಕ್ಕಗಳ ನಿಖರತೆಯನ್ನು ಟೀಕಿಸಿತು. ಸತ್ತವರ ಸಂಖ್ಯೆಯನ್ನು ಎಣಿಸಬಹುದು. ಎಷ್ಟು ಜನರಲ್ಲಿ ಅಷ್ಟು ಮಂದಿ ಸತ್ತರೆಂಬುದನ್ನು ಹೇಳಬೇಕಾದರೆ ಉಳಿದವರ ಸಂಖ್ಯೆಯೂ ಗೊತ್ತಿರಬೇಕು. ಪ್ಲೇಗಿಗೆ ಹೆದರಿ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುವಾಗ ಆ ಸಂಖ್ಯೆಯು ವಾರಕ್ಕೊಮ್ಮೆ ಬದಲಾಗುತ್ತದೆ. ಭಿನ್ನರಾಶಿಯಲ್ಲಿ ಮೇಲಿನ ಅಂಕಿಗಿಂತ ಕೆಳಗಿನ ಅಂಕಿಯನ್ನು ಪಡೆಯುವುದೇ ಕಷ್ಟವೆಂಬ ಈ ಪಾಠವನ್ನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಹುಬ್ಬಳ್ಳಿಯಿಂದಲೇ ಕಲಿಯಬಹುದಾಗಿದೆ.

ಪ್ಲೇಗು ಕಲಿಸಿದ ಎರಡನೆಯ ಪಾಠವು ಭಯದ್ದು. ಮನೆಮನೆಯನ್ನು ಶೋಧಿಸಿ ಬೇನೆ ಬಿದ್ದವರನ್ನು ಒಯ್ಯುವ ಕ್ರಮವು ಮುಂಬಯಿ, ಪುಣೆಗಳಲ್ಲಿ ಎಂಥ ರೋಷವನ್ನೆಬ್ಬಿಸಿತೆಂಬುದು ಪ್ರಸಿದ್ಧವಾಗಿದೆ. ೧೮೯೭ರಲ್ಲಿ ಪುಣೆಯ ಪ್ಲೇಗು ಅಧಿಕಾರಿ ರ‍್ಯಾಂಡನ ಕೊಲೆಯು ಅದರ ಪರಿಣಾಮ. ಶೋಧನೆಗೆ ಅಂಜಿದ ಜನರು ಬೇನೆ ಬಿದ್ದವರನ್ನು ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಸಾಗಿಸಿದರು. ಬರೆದುಕೊಳ್ಳುವವನು ಬಾಧಿಸುವವನೂ ಆದಾಗ ಜನರು ಲೆಕ್ಕದಿಂದ ತಪ್ಪಿಸಿಕೊಳ್ಳುವರು; ಅವರು ತಪ್ಪಿಸಿಕೊಂಡಷ್ಟೂ ಬೇನೆಯು ಬರೆಹಕ್ಕೆ ಸಿಕ್ಕದೆ ಹರಡುವುದು.

೧೯೧೮ರ ಇನ್‌ಫ್ಲುಯೆಂಜಾ ಈ ಪುಸ್ತಕಗಳ ಮಿತಿಯನ್ನು ಇನ್ನೊಮ್ಮೆ ಬಯಲಿಗೆಳೆಯಿತು. ಅದಕ್ಕೆಂದು ಹಳ್ಳಿಯ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಅದರ ಸಾವುಗಳು ಜ್ವರ, ಉಸಿರಾಟದ ಬೇನೆ ಎಂಬ ಹೆಸರುಗಳಲ್ಲಿ ಹಂಚಿಹೋದುವು. ಬರೆಯಬೇಕಾದ ನೌಕರರೇ ಹಾಸಿಗೆ ಹಿಡಿದರು. ಭಾರತ ಸರಕಾರದ ಆರೋಗ್ಯಾಧಿಕಾರಿ ನಾರ್ಮನ್ ವ್ಹಾಯಿಟ್‌ನು ೧೯೧೯ರಲ್ಲಿ ಇಡೀ ದೇಶದಲ್ಲಿ ಸುಮಾರು ೬೦ ಲಕ್ಷ ಜನರು ಸತ್ತಿರಬೇಕೆಂದು ಅಂದಾಜು ಮಾಡಿದನು. ಮುಂದೆ ೧೯೧೧, ೧೯೨೧ರ ಖಾನೇಸುಮಾರಿಗಳನ್ನು ಹೋಲಿಸಿ ನೋಡಿದ ವಿದ್ವಾಂಸರು ಆ ಸಂಖ್ಯೆಯನ್ನು ೧ ಕೋಟಿ ೨೦ ಲಕ್ಷದಿಂದ ಸುಮಾರು ೨ ಕೋಟಿಯವರೆಗೆ ಹೇಳಿರುವರು. ಈ ಎರಡು ಅಂದಾಜುಗಳ ನಡುವಣ ಅಂತರದಲ್ಲಿ ಲಕ್ಷಾಂತರ ಮನುಷ್ಯರು ಇದ್ದಾರೆ. ಅವರು ಬದುಕಿದ್ದರು, ಸತ್ತರು. ಆದರೆ ಯಾವ ಪುಸ್ತಕದಲ್ಲಿಯೂ ಸಾಯಲಿಲ್ಲ.

೪

ಸ್ವಾತಂತ್ರ್ಯದ ತರುವಾಯ ಬರೆಯುವ ಕೈ ಬದಲಾಯಿತು. ಮುಂಬಯಿ ಸರಕಾರದ ೧೯೫೦ರ ಕಾನೂನಿನಿಂದ ಕುಲಕರ್ಣಿ ವತನಗಳು ರದ್ದಾಗಿ, ವಂಶಪಾರಂಪರ್ಯದ ಲೆಕ್ಕಿಗನ ಸ್ಥಾನಕ್ಕೆ ಸಂಬಳದ ತಲಾಠಿಯು ಬಂದನು. ೧೯೫೬ರಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೯ರ ಜನನ-ಮರಣ ನೋಂದಣಿ ಕಾನೂನು ಇಡೀ ದೇಶಕ್ಕೆ ಒಂದೇ ಕ್ರಮವನ್ನು ವಿಧಿಸಿ, ಗೊತ್ತುಪಡಿಸಿದ ಅವಧಿಯೊಳಗೆ ವರದಿಮಾಡುವುದನ್ನು ಕಡ್ಡಾಯಗೊಳಿಸಿತು. ಆದರೂ ನೋಂದಣಿಯು ಪೂರ್ಣವಾಗದೆ ಇದ್ದುದರಿಂದ, ಆಯ್ದ ಹಳ್ಳಿಗಳನ್ನೂ ಪಟ್ಟಣದ ಭಾಗಗಳನ್ನೂ ಮಾತ್ರ ಎಚ್ಚರದಿಂದ ಎಣಿಸಿ, ಅದರಿಂದ ಇಡೀ ದೇಶದ ಜನನ-ಮರಣಗಳ ಪ್ರಮಾಣವನ್ನು ತಿಳಿಯುವ ಮಾದರಿ ನೋಂದಣಿ ಪದ್ಧತಿಯನ್ನು ೧೯೬೦ರ ದಶಕದಲ್ಲಿ ಆರಂಭಿಸಬೇಕಾಯಿತು.

ಲೆಕ್ಕಕ್ಕೆ ಯಂತ್ರವನ್ನು ಹೂಡುವ ವಿಚಾರವು ಹಳೆಯದೇ. ಅಮೇರಿಕದ ೧೮೯೦ರ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬವನು ರಂಧ್ರ ಕೊರೆದ ಕಾರ್ಡುಗಳನ್ನೂ ಅವನ್ನು ಎಣಿಸುವ ಯಂತ್ರವನ್ನೂ ಬಳಕೆಗೆ ತಂದಿದ್ದನು. ಅದರ ತತ್ತ್ವವು ಸರಳವಾದುದು. ಒಬ್ಬ ಮನುಷ್ಯನಿಗೆ ಒಂದು ಕಾರ್ಡು. ಅವನ ಒಂದೊಂದು ಗುಣಕ್ಕೆ ಒಂದೊಂದು ರಂಧ್ರ. ಕಾರ್ಡುಗಳನ್ನು ಒಮ್ಮೆ ವಯಸ್ಸಿನಿಂದ, ಇನ್ನೊಮ್ಮೆ ಊರಿನಿಂದ, ಮತ್ತೊಮ್ಮೆ ಕಸುಬಿನಿಂದ ವಿಂಗಡಿಸಬಹುದು. ಕಂಪ್ಯೂಟರೆಂದು ನಾವು ಕರೆಯುವ ಗಣಕಯಂತ್ರವು ಇದೇ ಕೆಲಸವನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ಮಾಡುತ್ತದೆ. ಭಾರತ ಸರಕಾರದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ೧೯೭೬ರಲ್ಲಿ ಸ್ಥಾಪಿತವಾಗಿ, ಮುಂದೆ ಜಿಲ್ಲಾ ಕಚೇರಿಗಳವರೆಗೆ ಈ ಯಂತ್ರವನ್ನು ತಂದಿತು.

ಆರೋಗ್ಯ ಇಲಾಖೆಯಲ್ಲಿ ಈ ಸಾಧನವು ಎರಡು ಹೆಜ್ಜೆಗಳಲ್ಲಿ ಬಂದಿತೆಂದು ಹೇಳಬಹುದು. ೨೦೦೮ರಲ್ಲಿ ಆರಂಭವಾದ ಆರೋಗ್ಯ ನಿರ್ವಹಣೆಯ ಮಾಹಿತಿ ವ್ಯವಸ್ಥೆಯು ಹಳೆಯ ಕ್ರಮದ ಮುಂದುವರಿಕೆ. ಕೇಂದ್ರಗಳು ತಿಂಗಳ ಮೊತ್ತಗಳನ್ನು ಕಳುಹುವುವು. ೨೦೦೯ರ ಕೊನೆಯಲ್ಲಿ ರೂಪುಗೊಂಡ ತಾಯಿ-ಮಗುವಿನ ಜಾಡು ಹಿಡಿಯುವ ವ್ಯವಸ್ಥೆಯಾದರೋ ಬೇರೆ ಜಾತಿಯದು. ಅದರಲ್ಲಿ ಮೊತ್ತವಿಲ್ಲ, ಹೆಸರಿದೆ. ಪ್ರತಿಯೊಬ್ಬ ಗರ್ಭಿಣಿಗೂ ಒಂದು ಸಂಖ್ಯೆ. ಆ ಸಂಖ್ಯೆಯಡಿಯಲ್ಲಿ ಅವಳ ರಕ್ತಪರೀಕ್ಷೆ, ಚುಚ್ಚುಮದ್ದು, ಹೆರಿಗೆ, ಕೂಸಿನ ತೂಕ, ಕೂಸಿನ ಲಸಿಕೆ ಎಲ್ಲವೂ ಸೇರುವುವು. ಶಿಗ್ಗಾವಿ ತಾಲೂಕಿನ ಹಳ್ಳಿಯ ಹೆಣ್ಣುಮಗಳ ಹೆಸರು ಹೀಗೆ ಬೆಂಗಳೂರಿಗೂ ದಿಲ್ಲಿಗೂ ತಲುಪಿತು. ಕುಲಕರ್ಣಿಯ ಕಾಲದಲ್ಲಿ ಹಳ್ಳಿಯ ಗಡಿಯನ್ನು ದಾಟದಿದ್ದ ಹೆಸರು ಗಡಿಯನ್ನು ದಾಟಿದುದು ಇಲ್ಲಿಯೇ. ಈ ಇತಿಹಾಸದಲ್ಲಿ ನಿಜವಾದ ತಿರುವು ಇದೆಂದು ನಮ್ಮ ಅಭಿಪ್ರಾಯ.

ಇದರಿಂದ ಆದ ಲಾಭವನ್ನು ಅಲ್ಲಗಳೆಯಲಾಗದು. ಮೊತ್ತವು ‘ಇಷ್ಟು ಗರ್ಭಿಣಿಯರಿಗೆ ರಕ್ತಹೀನತೆಯಿದೆ’ ಎಂದಷ್ಟೇ ಹೇಳುವುದು. ಹೆಸರಿನ ಪಟ್ಟಿಯು ‘ಇವಳಿಗೆ ಇದೆ, ಇವಳ ದಿನ ತುಂಬುತ್ತಿದೆ, ಇವಳ ಮನೆಗೆ ಹೋಗಿರಿ’ ಎಂದು ಹೇಳುವುದು. ರೋಗಗಳ ಎಚ್ಚರಿಕೆಯಲ್ಲಿಯೂ ಇದೇ ಬಗೆಯ ಪ್ರಗತಿಯಾಗಿದೆ. ೨೦೦೪ರಲ್ಲಿ ಆರಂಭವಾದ ರೋಗಕಣ್ಗಾವಲಿನ ಯೋಜನೆಯಲ್ಲಿ ಮೂರು ನಮೂನೆಗಳಿದ್ದುವು: ಆರೋಗ್ಯ ಕಾರ್ಯಕರ್ತೆಯು ಲಕ್ಷಣವನ್ನು ಕಂಡು ತುಂಬುವುದು ಒಂದು, ವೈದ್ಯನು ರೋಗವನ್ನು ಊಹಿಸಿ ತುಂಬುವುದು ಇನ್ನೊಂದು, ಪ್ರಯೋಗಾಲಯವು ಖಚಿತಪಡಿಸಿ ತುಂಬುವುದು ಮೂರನೆಯದು. ಕುಲಕರ್ಣಿಯು ‘ಜ್ವರ’ ಎಂದು ಬರೆದು ನಿಲ್ಲಿಸಿದ ಕಡೆಯಿಂದ ಈ ನಮೂನೆಗಳು ಮುಂದಕ್ಕೆ ಹೋಗುತ್ತವೆ. ಜ್ವರವು ಡೆಂಗೀಯೋ ಮಲೇರಿಯವೋ ಎಂಬುದು ಮೂರನೆಯ ನಮೂನೆಯಲ್ಲಿ ತಿಳಿಯುತ್ತದೆ. ಇವನ್ನು ಗಣಕಯಂತ್ರದಲ್ಲಿ ಒಟ್ಟುಗೂಡಿಸುವ ಹೊಸ ವೇದಿಕೆಯು ೨೦೧೮ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಮೊದಲಾಗಿ, ೨೦೨೧ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಹಿಂದೆ ವಾರ್ಷಿಕ ವರದಿಯಲ್ಲಿ ಅಚ್ಚಾಗುವವರೆಗೆ ಕಾಯಬೇಕಾಗಿದ್ದ ಸಂಗತಿಯು ಈಗ ಅದೇ ದಿನ ಜಿಲ್ಲೆಗೆ ತಿಳಿಯಬಲ್ಲುದು.

೫

ಇಷ್ಟಾದರೂ ಹಳೆಯ ತೊಡಕುಗಳು ತೀರಿದುವೆಂದು ತಿಳಿಯುವುದು ತಪ್ಪಾದೀತು. ನಮ್ಮ ಸೀಮೆಯ ರೂಢಿಯೊಂದರಿಂದಲೇ ಇದನ್ನು ವಿವರಿಸಬಹುದು. ಬಂಕಾಪುರದ ಮಗಳೊಬ್ಬಳನ್ನು ಹಾನಗಲ್ಲ ತಾಲೂಕಿನ ಹಳ್ಳಿಗೆ ಕೊಟ್ಟಿದೆಯೆಂದು ಭಾವಿಸೋಣ. ಅವಳು ಬಸುರಿಯಾದಾಗ ತಾಯಿ ಕಾರ್ಡು ಗಂಡನ ಊರಿನಲ್ಲಿ ಆಗುತ್ತದೆ. ಕುಬಸದ ಶಾಸ್ತ್ರ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರುತ್ತಾಳೆ. ಇಲ್ಲಿಯ ಕಾರ್ಯಕರ್ತೆಯು ಹಳೆಯ ಸಂಖ್ಯೆಯನ್ನು ಕೇಳಿ ಅದರಲ್ಲಿಯೇ ಮುಂದುವರಿಸಿದರೆ ಒಳ್ಳೆಯದು. ಹೊಸದಾಗಿ ಬರೆದುಕೊಂಡರೆ ಒಬ್ಬಳು ಇಬ್ಬರಾಗುವಳು. ಹಾನಗಲ್ಲಿನ ಲೆಕ್ಕದಲ್ಲಿ ಹೆರಿಗೆಯಾಗದೆ ಉಳಿದ ಗರ್ಭಿಣಿಯೊಬ್ಬಳು, ಬಂಕಾಪುರದ ಲೆಕ್ಕದಲ್ಲಿ ಗರ್ಭಿಣಿಯೆಂದು ಎಂದೂ ತಿಳಿಯದೆ ಹೆತ್ತವಳೊಬ್ಬಳು. ತವರಿನಲ್ಲಿ ಗಂಗವ್ವ, ಗಂಡನ ಮನೆಯಲ್ಲಿ ಗಂಗಮ್ಮ, ಆಧಾರ್ ಚೀಟಿಯಲ್ಲಿ ಗಂಗಾ ಎಂದಿದ್ದರೆ ಯಂತ್ರವು ಮೂವರನ್ನು ಕಾಣುವುದು. ಹುಬ್ಬಳ್ಳಿಯ ಪ್ಲೇಗಿನ ಲೆಕ್ಕದಲ್ಲಿ ಊರು ಬಿಟ್ಟ ಜನರು ಉಂಟುಮಾಡಿದ ತೊಡಕೇ ಇದು; ಕೆಳಗಿನ ಅಂಕಿಯ ತೊಡಕು. ಯಂತ್ರವು ಎಣಿಸುವುದರಲ್ಲಿ ತಪ್ಪುವುದಿಲ್ಲ. ಎಣಿಸಬೇಕಾದುದು ಒಂದೋ ಎರಡೋ ಎಂಬುದನ್ನು ಮಾತ್ರ ಆ ಬೀದಿಯನ್ನೂ ಆ ಮನೆಯನ್ನೂ ಬಲ್ಲವರೇ ಹೇಳಬೇಕು.

ಹಾಗೆ ಬಲ್ಲವಳು ಇಂದು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಮೊದಲ ಸಾಲನ್ನು ಬರೆಯುವವಳು ಅವಳೇ. ಅವಳ ಪುಸ್ತಕದಿಂದ ಉಪಕೇಂದ್ರದ ಪುಸ್ತಕಕ್ಕೆ, ಅಲ್ಲಿಂದ ಯಂತ್ರಕ್ಕೆ ಸಂಗತಿಯು ಏರುತ್ತದೆ. ಅವಳ ಪ್ರೋತ್ಸಾಹಧನವನ್ನು ಯಂತ್ರದಲ್ಲಿ ದಾಖಲಾದ ಕೆಲಸಕ್ಕೆ ಕಟ್ಟಿದುದರಿಂದ, ಮಾಡಿದ ಕೆಲಸವು ಪೋರ್ಟಲಿನಲ್ಲಿ ಕಾಣದಿದ್ದರೆ ಹಣವೂ ಇಲ್ಲವೆಂಬ ಸ್ಥಿತಿ ಒದಗಿತು. ೨೦೨೫ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ನಡೆಸಿದ ಆಶಾ ಕಾರ್ಯಕರ್ತೆಯರ ಬೇಡಿಕೆಗಳಲ್ಲಿ ಈ ಜೋಡಣೆಯನ್ನು ಬಿಡಿಸಬೇಕೆಂಬುದೂ ಒಂದಾಗಿತ್ತು. ಕುಲಕರ್ಣಿಗೆ ಹುಟ್ಟುಸಾವಿನ ಲೆಕ್ಕವು ಕಂದಾಯದ ಲೆಕ್ಕದ ಮೇಲೆ ಬಿದ್ದ ಹೆಚ್ಚಿನ ಹೊರೆಯಾಗಿತ್ತು. ಆಶಾ ಕಾರ್ಯಕರ್ತೆಗೆ ಆರೈಕೆಯ ಮೇಲೆ ಬಿದ್ದ ಹೊರೆ ಇದೇ ಲೆಕ್ಕ. ಮೊದಲ ಸಾಲನ್ನು ಬರೆಯುವವರ ಹೊರೆಯನ್ನು ಅಳೆಯದ ಯಾವ ವ್ಯವಸ್ಥೆಯೂ ತನ್ನ ಅಂಕಿಗಳ ನಿಖರತೆಯನ್ನು ಅಳೆದಿದೆಯೆಂದು ಹೇಳಿಕೊಳ್ಳಲಾರದು.

ಊರು ಬಿಟ್ಟು ಹೋದ ಹೆಸರಿಗೆ ಕಾವಲು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ. ಕ್ಷಯರೋಗಿಗಳ ಹೆಸರುಗಳು ೨೦೧೨ರಿಂದ ‘ನಿಕ್ಷಯ್’ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತಿವೆ. ೨೦೨೧ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾದ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ನು ಇಚ್ಛಿಸಿದವರಿಗೆ ೧೪ ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡುತ್ತದೆ. ೨೦೨೩ರಲ್ಲಿ ತಿದ್ದುಪಡಿಯಾದ ಜನನ-ಮರಣ ಕಾನೂನು ಇಡೀ ದೇಶದ ಹುಟ್ಟುಸಾವುಗಳನ್ನು ಒಂದೇ ಸಂಗ್ರಹದಲ್ಲಿ ತರುತ್ತದೆ. ಕ್ಷಯವೆಂಬ ಮಾತು ಹೊರಬಿದ್ದರೆ ಮಗಳ ಮದುವೆ ನಿಂತೀತೆಂದು ಅಂಜುವ ಮನೆಗಳು ಇನ್ನೂ ಇವೆ. ಅಂಥ ಮನೆಯವರಿಗೆ ತಮ್ಮ ಹೆಸರನ್ನು ಯಾರು ಓದಬಲ್ಲರೆಂಬುದು ಜೀವನ್ಮರಣದ ಪ್ರಶ್ನೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು; ೨೦೨೩ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನನ್ನು ಅಂಗೀಕರಿಸಿತು. ಕಾನೂನು ಅವಶ್ಯವೇ ಸರಿ. ಆದರೆ ಪ್ಲೇಗಿನ ಕಾಲದ ಅನುಭವವನ್ನು ನೆನೆದರೆ, ನಂಬಿಕೆಯು ಕೆಟ್ಟ ದಿನ ಜನರು ಕಾನೂನನ್ನು ಓದುವುದಿಲ್ಲ, ಬಾಗಿಲನ್ನು ಹಾಕಿಕೊಳ್ಳುತ್ತಾರೆ ಎಂಬುದು ಸ್ಪಷ್ಟವಾಗುವುದು.

ನಮ್ಮ ದಾನಶಾಸನಗಳ ಕೊನೆಯಲ್ಲಿ, ಇದನ್ನು ಕಾಯ್ದವನಿಗೆ ಪುಣ್ಯವೆಂದೂ ಕೆಡಿಸಿದವನಿಗೆ ಪಾಪವೆಂದೂ ಬರೆಯುವ ಪದ್ಧತಿಯಿತ್ತು. ಬರೆದುದಕ್ಕೆ ಕಾಯುವವನೊಬ್ಬನು ಬೇಕೆಂಬುದನ್ನು ಆ ಬರೆಹಗಾರರು ಬಲ್ಲರು. ಶಾಸನದ ಕಲ್ಲು ಊರಿನಲ್ಲಿಯೇ ನಿಲ್ಲುತ್ತಿದ್ದಿತು. ಓದಬಲ್ಲವನು ಯಾವಾಗಲಾದರೂ ಹೋಗಿ ಓದಬಹುದಾಗಿತ್ತು. ಇಂದಿನ ಆರೋಗ್ಯದ ಲೆಕ್ಕದಿಂದ ನಾವು ಅಪೇಕ್ಷಿಸಬೇಕಾದುದೂ ಇದನ್ನೇ. ಹೆಸರನ್ನು ಕಾಯಬೇಕು, ಎಣಿಕೆಯನ್ನು ಊರಿಗೆ ಮರಳಿಸಬೇಕು. ಈ ವರ್ಷ ನಮ್ಮ ಊರಿನಲ್ಲಿ ಎಷ್ಟು ಕೂಸುಗಳು ತೂಕ ಕಡಮೆಯಾಗಿ ಹುಟ್ಟಿದುವು, ಯಾವ ಓಣಿಯಲ್ಲಿ ಜ್ವರ ಹೆಚ್ಚಿತು, ಎಷ್ಟು ಬಾಣಂತಿಯರು ತೀರಿಕೊಂಡರು ಎಂಬುದನ್ನು ಗ್ರಾಮಸಭೆಯೂ ಪುರಸಭೆಯೂ ತಮ್ಮ ಮಾತಿನಲ್ಲಿ ಓದಿ ತಿಳಿಯುವಂತಾಗಬೇಕು. ಕುಲಕರ್ಣಿಯ ಕಾಲದಲ್ಲಿ ಹೆಸರು ಊರಿನಲ್ಲಿದ್ದು ಎಣಿಕೆಯು ಹೊರಟುಹೋಗಿತ್ತು. ಇಂದು ಎರಡೂ ಹೊರಟುಹೋಗುವ ಸಂಭವವಿದೆ. ಹಾಗಾಗದಂತೆ ನೋಡಿಕೊಂಡರೆ, ಸಾವಿರ ವರ್ಷಗಳ ಹಿಂದೆ ಬಂಕಾಪುರದಲ್ಲಿ ಅರಸನೊಬ್ಬನ ಮರಣಕ್ಕೆ ದೊರೆತ ಗೌರವವು ಅದೇ ಊರಿನ ಸಾಮಾನ್ಯ ಮನುಷ್ಯನ ಹುಟ್ಟಿಗೂ ಬಾಳಿಗೂ ದೊರೆತಂತಾಗುವುದು.